ಕಾವಲಿಗೆ ನಿಂತ ವಜ್ರ

ವಜ್ರವೆಂದರೆ ನಮ್ಮ ಭಾಷೆಯಲ್ಲಿ ಎರಡು ವಸ್ತು. ಒಂದು, ದಧೀಚಿಯ ಎಲುಬಿನಿಂದಾದ ಇಂದ್ರನ ಆಯುಧ. ಇನ್ನೊಂದು, ಹೆಂಗಸರ ಕಿವಿಯಲ್ಲಿ ಮಿನುಗುವ ಹರಳು. ಮೊದಲನೆಯದು ನನ್ನಂಥವರಿಗೆ ಪಾಠ ಹೇಳುವಾಗ ನೆನಪಾಗುತ್ತದೆ. ಎರಡನೆಯದು ಮನೆಯಲ್ಲಿ ಮದುವೆಯ ಮಾತು ಬಂದಾಗ.

ಕಳೆದ ವರ್ಷ ತಂಗಿಯ ಮದುವೆಗೆ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಓಲೆಗಳನ್ನು ತಂದೆವು. ಉಪನ್ಯಾಸಕನ ಸಂಬಳಕ್ಕೆ ನಿಲುಕಿದ್ದು ಅಷ್ಟೆ. ಬೀಗರ ಕಡೆಯ ಹಿರಿಯರೊಬ್ಬರು ಓಲೆಯನ್ನು ಬೆಳಕಿಗೆ ಹಿಡಿದು ತಲೆದೂಗಿದರು; ಆಮೇಲೆ ಅಂಗಡಿಯ ಚೀಟಿಯನ್ನು ಓದಿ, "ಓಹೋ, ಕೃತಕ!" ಎಂದು ತಟ್ಟೆಯಲ್ಲಿಟ್ಟರು. ಅಮ್ಮನ ಮುಖ ಬಾಡಿತು. ವಿದ್ಯಾರ್ಥಿಗಳ ಪ್ರಬಂಧಗಳ ಅಂಚಿನಲ್ಲಿ ಆ ಶಬ್ದವನ್ನು ನಾನು ಎಷ್ಟೋ ಸಲ ಬರೆದವನು. ಅದರ ಕುಟುಕು ಎಂಥದೆಂದು ಬಲ್ಲೆ. ತಂಗಿ ಮಾತ್ರ ಏನೂ ಹೇಳದೆ ಓಲೆಗಳನ್ನು ಎತ್ತಿ ಧರಿಸಿಕೊಂಡಳು.

ಈ ವೃತ್ತಾಂತವನ್ನು ಕೇಳಿದ ಭೌತಶಾಸ್ತ್ರದ ಮಿತ್ರರೊಬ್ಬರು ನಕ್ಕು, "ಆ ಜಾತಿಯ ವಜ್ರವನ್ನೇ ಅಲ್ಲವೆ ಜಿನೀವದಲ್ಲಿ ಕಾವಲಿಗೆ ನಿಲ್ಲಿಸಿರುವುದು!" ಎಂದರು. ಅಂದಿನಿಂದ ನಾನು ಆ ವಿಷಯದ ಬೆನ್ನು ಹತ್ತಿದೆ.

ಜಿನೀವದ ಬಳಿ ಸೆರ್ನ್ ಎಂಬ ಸಂಶೋಧನ ಸಂಸ್ಥೆಯಿದೆ. ಅಲ್ಲಿ ನೆಲದಡಿಯಲ್ಲಿ, ಸುಮಾರು 100 ಮೀಟರ್ ಆಳದಲ್ಲಿ, 27 ಕಿಲೋಮೀಟರ್ ಸುತ್ತಳತೆಯ ಸುರಂಗ. 2008ರಲ್ಲಿ ಆರಂಭವಾದ ವೇಗೋತ್ಕರ್ಷಕವೊಂದು ಅದರೊಳಗಿದೆ. ಅದು ಓಡುವಾಗ ಪ್ರೋಟಾನುಗಳ ಎರಡು ಧಾರೆಗಳು ಎದುರುಬದುರಾಗಿ ಸೆಕೆಂಡಿಗೆ 11,000ಕ್ಕೂ ಹೆಚ್ಚು ಸಲ ಸುತ್ತುತ್ತವೆ. ಡಿಕ್ಕಿಯ ಸ್ಥಳದಲ್ಲಿ ಧಾರೆ ಕೂದಲೆಳೆಗಿಂತ ತೆಳ್ಳಗೆ. ಆದರೆ ಪೂರ್ಣ ಬಲದ ಒಂದು ಧಾರೆಯಲ್ಲಿ ಸುಮಾರು ಅರ್ಧ ಟನ್ ತಾಮ್ರವನ್ನು ಕರಗಿಸುವಷ್ಟು ಶಕ್ತಿ ಅಡಗಿರುತ್ತದೆ. ಇಂಥದು ಸ್ವಲ್ಪ ದಾರಿ ತಪ್ಪಿದರೂ ವರ್ಷಗಟ್ಟಲೆ ಕುಳಿತು ಕಟ್ಟಿದ ಉಪಕರಣಗಳ ಗತಿ ಏನು?

ಅದಕ್ಕಾಗಿ ಅಟ್ಲಾಸ್ ಎಂಬ ಪ್ರಯೋಗದಲ್ಲಿ ಡಿಕ್ಕಿಯ ಸ್ಥಳದ ಎರಡು ಪಕ್ಕಗಳಲ್ಲೂ, 1.84 ಮೀಟರ್ ದೂರದಲ್ಲಿ, ಧಾರೆಯ ಕೊಳವೆಯ ಸುತ್ತ ನಾಲ್ಕು ನಾಲ್ಕು ಕಡೆ ವಜ್ರದ ಬಿಲ್ಲೆಗಳನ್ನು ಅಳವಡಿಸಿದರು. ಒಂದೊಂದೂ ಒಂದು ಚದರ ಸೆಂಟಿಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪ. ಮೀಥೇನ್ ಮತ್ತು ಹೈಡ್ರೋಜನ್ ಅನಿಲಗಳನ್ನು ಕಾಯಿಸಿ, ಇಂಗಾಲವನ್ನು ಪದರಪದರವಾಗಿ ಕೂಡಿಸಿ ಬೆಳೆಸಿದುವು ಇವು. ಮೀಥೇನ್ ಎಂದರೆ ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವ ಅನಿಲವೇ!

ಹಗಲ ಬೆಳಕು ಎಷ್ಟು ಬಿದ್ದರೂ ಈ ವಜ್ರ ಕದಲದು. ವೇಗದ ಕಣವೊಂದು ತೂರಿಹೋದರೆ ಮಾತ್ರ ಒಳಗೆ ಸಾವಿರಾರು ಎಲೆಕ್ಟ್ರಾನುಗಳು ಬಿಡುಗಡೆಯಾಗಿ, ಕ್ಷಣಾರ್ಧಕ್ಕೂ ಮೊದಲೇ ವಿದ್ಯುತ್ ಸಂಕೇತ ಹೊರಡುತ್ತದೆ. ಡಿಕ್ಕಿಯಿಂದ ಸಿಡಿದ ಕಣಗಳು ಎರಡು ಪಕ್ಕಗಳನ್ನೂ ಏಕಕಾಲಕ್ಕೆ ಮುಟ್ಟುತ್ತವೆ. ದಾರಿ ತಪ್ಪಿ ಧಾರೆಯೊಡನೆ ಬಂದವಾದರೋ ಒಂದು ಪಕ್ಕವನ್ನು ಮೊದಲು, ಇನ್ನೊಂದನ್ನು ಆಮೇಲೆ ಮುಟ್ಟುತ್ತವೆ. ನಡುವಣ ಅಂತರ, ಸೆಕೆಂಡನ್ನು 100 ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು 12 ಪಾಲು. ಅಷ್ಟರಲ್ಲಿಯೇ ವಜ್ರ ನೆಂಟನಾರು, ಕಳ್ಳನಾರು ಎಂದು ತಿಳಿಸಿಬಿಡುತ್ತದೆ. ಸಿಲಿಕಾನ್ ಕೂಡ ಈ ಕೆಲಸ ಬಲ್ಲುದು. ಆದರೆ ವಿಕಿರಣದ ಏಟಿಗೆ ಅದು ಬೇಗ ಸೊರಗುತ್ತದೆ, ತಂಪಿನ ಉಪಚಾರವನ್ನೂ ಬೇಡುತ್ತದೆ. ವಜ್ರದ ಪರಮಾಣುಗಳ ಹಿಡಿತ ಅಷ್ಟು ಸುಲಭವಾಗಿ ಸಡಿಲುವುದಿಲ್ಲ.

ದೋಷವುಳ್ಳ ವಜ್ರ ಮನೆಗಾಗದೆಂದು ಅಮ್ಮನ ನಂಬಿಕೆ. ಈ ಬಿಲ್ಲೆಗಳಾದರೋ ಅಸಂಖ್ಯ ಚಿಕ್ಕ ಹರಳುಗಳ ಬೆಸುಗೆ. ಆ ಸಂದುಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಬೀಳುತ್ತವೆ. ಸೋಜಿಗವೆಂದರೆ, ಮೊದಮೊದಲು ಬಿದ್ದ ವಿಕಿರಣವೇ ಆ ಗುಂಡಿಗಳನ್ನು ತುಂಬಿ, ಬಳಿಕ ಸಂಕೇತ ಇನ್ನಷ್ಟು ಗಟ್ಟಿಯಾಗುತ್ತದೆ! ಇದನ್ನು ವಿವರಿಸಿದಾಗ ಅಮ್ಮ, "ಅಷ್ಟು ದುಡಿಯುವ ಕಲ್ಲನ್ನು ಅವರು ಕೃತಕವೆಂದರೆ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆ ಹಿರಿಯರಿಗೊಂದು ಕಾಗದ ಬರೆ" ಎಂದೂ ಸೇರಿಸಿದಳು. ನಾನು ಬರೆದಿಲ್ಲ.

ಕಳ್ಳ ಕಣಗಳು ಮಿತಿಮೀರಿದುವೆಂದು ಇಂಥ ವಜ್ರಗಳು ಕೂಗಿದರೆ, ಧಾರೆ ಇನ್ನು ಮೂರು ಸುತ್ತು ಮುಗಿಸುವುದರೊಳಗೆ ಅದನ್ನು ಸುರಂಗದಿಂದ ಹೊರಕ್ಕೆ ತಿರುಗಿಸುತ್ತಾರೆ. ಅದು ಹೋಗಿ ಬೀಳುವುದು ಸುಮಾರು 8 ಮೀಟರ್ ಉದ್ದದ ಗ್ರ್ಯಾಫೈಟ್ ಕಂಬದ ಮೇಲೆ. ಗ್ರ್ಯಾಫೈಟ್ ಎಂದರೆ ನಮ್ಮ ಪೆನ್ಸಿಲ್ ಕಡ್ಡಿಯ ಕಪ್ಪು. ಅದೂ ಬರಿಯ ಇಂಗಾಲವೇ, ವಜ್ರದ ಬಡ ದಾಯಾದಿ. ಒಂದೇ ಕಡೆ ಬಿದ್ದರೆ ಅದೂ ತಾಳಲಾರದೆಂದು, ಧಾರೆಯನ್ನು ಅದರ ಮುಖದ ಮೇಲೆ ರಂಗೋಲಿಯ ಎಳೆಯಂತೆ ಸುತ್ತಿಸಿ ಹರಡುತ್ತಾರೆ.