ಗೋಲಾಗದ ಒಂದು ಚೆಂಡು

ಹಿರೇಕೆರೂರು ತಾಲ್ಲೂಕಿನ ಅಬಲೂರಿನಂಥ ಊರುಗಳಿಗೆ ಹಾಕಿಯಾಟವು ಮೈದಾನದಿಂದ ಬಂದುದಲ್ಲ, ರೇಡಿಯೋದಿಂದ ಬಂದುದು. ಹಾಕಿಕೋಲನ್ನು ಕೈಯಲ್ಲಿ ಹಿಡಿದು ನೋಡದವರೂ 1975ರ ಮಾರ್ಚಿ ತಿಂಗಳಲ್ಲಿ ಜಸ್‌ದೇವ್ ಸಿಂಗರ ಹಿಂದೀ ವೀಕ್ಷಕ ವಿವರಣೆಗೆ ಕಿವಿಗೊಟ್ಟು, ದೂರದ ಕೌಲಾಲಂಪುರದಲ್ಲಿ ಚೆಂಡು ಯಾರ ಕಡೆಗೆ ಉರುಳಿತೆಂದು ತಿಳಿಯಬಹುದಾಗಿದ್ದ ಕಾಲವದು. ಅಂದು ಕಣದಲ್ಲಿದ್ದ ಹನ್ನೊಂದು ಮಂದಿಯಲ್ಲಿ ಒಬ್ಬನು ಕನ್ನಡನಾಡಿನವನು. ಕೊಡಗಿನ ಸೋಮವಾರಪೇಟೆಯಲ್ಲಿ 1951ರಲ್ಲಿ ಹುಟ್ಟಿದ ಬಿ. ಪಿ. ಗೋವಿಂದ. ಆದರೆ ಆತನ ಕಥೆಯನ್ನು ಆ ಗೆಲುವಿನಿಂದ ಆರಂಭಿಸಿದರೆ ಅರ್ಧ ಕಥೆಯನ್ನಷ್ಟೇ ಹೇಳಿದಂತಾಗುತ್ತದೆ.

ಕೊಡಗಿನಲ್ಲಿ ಹಾಕಿಕೋಲು ಮನೆಯ ಸಾಮಾನುಗಳಲ್ಲಿ ಒಂದು. ಕಾಫಿತೋಟದ ಕೆಲಸ ಮುಗಿದ ಮೇಲೆ ಸಂಜೆ ಆಡುವುದಕ್ಕೆ ಅಲ್ಲಿ ಯಾರನ್ನೂ ಒತ್ತಾಯಿಸಬೇಕಾದುದಿಲ್ಲ. ಆ ನೆಲದಿಂದ ಹೊರಟ ಗೋವಿಂದನ ಬಂಡವಾಳವೆಂದರೆ ಓಟದ ವೇಗ. ಮುಂಚೂಣಿಯ ಆಟಗಾರನಾಗಿ, ಎದುರಾಳಿಯ ರಕ್ಷಕರು ತಿರುಗಿ ನೋಡುವಷ್ಟರಲ್ಲಿ ಅವರನ್ನು ದಾಟಿಹೋಗುವ ಚಾಳಿ ಆತನದು. 1972ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮ್ಯೂನಿಕ್ ಒಲಿಂಪಿಕ್ಸಿಗೆ ಹೋಗಿ ಕಂಚಿನ ಪದಕದೊಡನೆ ಮರಳಿದನು. ಬೇರೆ ದೇಶದವನಾಗಿದ್ದರೆ ಊರೆಲ್ಲ ಮೆರವಣಿಗೆಯಾಗುತ್ತಿತ್ತು. ಆದರೆ ಚಿನ್ನವನ್ನೇ ಕಂಡು ಬೆಳೆದ ಭಾರತಕ್ಕೆ ಆ ಕಂಚು ಸೋಲಿನಂತೆ ತೋರಿತು.

ಮರುವರ್ಷ ವಿಶ್ವಕಪ್ ಪಂದ್ಯಗಳು ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದ ಮಗ್ಗುಲಲ್ಲಿ ನಡೆದುವು. 1928ರಲ್ಲಿ ಭಾರತವು ಒಲಿಂಪಿಕ್ಸ್ ಹಾಕಿಯ ಮೊದಲ ಚಿನ್ನವನ್ನು ಪಡೆದುದು ಅದೇ ನಗರದಲ್ಲಿ, ಅದೇ ಹಾಲೆಂಡನ್ನು ಮೂರು ಗೋಲುಗಳಿಂದ ಸೋಲಿಸಿ. 1973ರ ತಂಡದ ನಾಯಕನೂ ಕೊಡಗಿನವನೇ, ಎಂ. ಪಿ. ಗಣೇಶ್. ಉಪಾಂತ್ಯದಲ್ಲಿ ಪಾಕಿಸ್ತಾನವು ಎದುರಾದಾಗ ಪಂದ್ಯದ ಏಕೈಕ ಗೋಲನ್ನು ಹೊಡೆದವನು ಗೋವಿಂದ. ಅಂತಿಮ ಪಂದ್ಯದಲ್ಲಿ ಸುರ್ಜಿತ್ ಸಿಂಗನು ಆರಂಭದಲ್ಲಿಯೇ ಎರಡು ಗೋಲುಗಳನ್ನು ಹೊಡೆದುಕೊಟ್ಟನು. ಕಪ್ಪು ಕೈಗೆ ಬಂದೇಬಿಟ್ಟಿತೆಂದು ಯಾರಿಗಾದರೂ ಅನಿಸುವಂತಿತ್ತು. ಹಾಲೆಂಡಿನವರು ಎದೆಗೆಡಲಿಲ್ಲ; ಎರಡನ್ನೂ ತೀರಿಸಿದರು. ಆಟ ಹೆಚ್ಚುವರಿ ವೇಳೆಗೆ ಹೋಯಿತು. ಅಲ್ಲಿ ಭಾರತಕ್ಕೆ ಒಂದು ಪೆನಾಲ್ಟಿ ಸ್ಟ್ರೋಕ್ ದೊರೆಯಿತು.

ಪೆನಾಲ್ಟಿ ಸ್ಟ್ರೋಕ್ ಎಂದರೇನೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಗೋಲಿನ ಮುಂದೆ ಕೆಲವೇ ಗಜಗಳ ದೂರದಲ್ಲಿ ಚೆಂಡನ್ನಿಡುತ್ತಾರೆ. ಹೊಡೆಯುವವನು ಕೋಲನ್ನು ಹಿಂದಕ್ಕೆಳೆದು ಬೀಸುವಂತಿಲ್ಲ. ಚೆಂಡನ್ನು ತಳ್ಳಬೇಕು, ಇಲ್ಲವೆ ಎತ್ತಿ ಚಿಮ್ಮಿಸಬೇಕು. ಗೋಲುರಕ್ಷಕನು ಚೆಂಡು ಅಲುಗುವ ತನಕ ಪಾದ ಕದಲಿಸುವಂತಿಲ್ಲ. ಉಳಿದ ಆಟಗಾರರೆಲ್ಲ ದೂರ ನಿಂತು ನೋಡುವವರು. ಹನ್ನೊಂದು ಮಂದಿಯ ಆಟವು ಆ ಒಂದು ಗಳಿಗೆ ಇಬ್ಬರ ಆಟವಾಗುತ್ತದೆ. ವೇಗವೇ ಬಂಡವಾಳವಾದವನಿಗೆ ನಿಂತಲ್ಲೇ ನಿಂತು ಹೊಡೆಯಬೇಕಾದ ಇಂಥ ಹೊತ್ತು ಎಷ್ಟು ಕಠಿನವೆಂಬುದನ್ನು ವಾಚಕರೇ ಊಹಿಸಬಹುದು.

ಚೆಂಡಿನ ಮುಂದೆ ನಿಂತವನು ಗೋವಿಂದ. ಗೋಲಾಗಲಿಲ್ಲ.

ಕೊನೆಗೆ ಎರಡೂ ತಂಡದವರು ಸರದಿಯಂತೆ ಸ್ಟ್ರೋಕುಗಳನ್ನು ಹೊಡೆದಾಗ ಹಾಲೆಂಡ್ 4–2ರಿಂದ ಗೆದ್ದಿತು. ಪಾಕಿಸ್ತಾನವನ್ನು ಸೋಲಿಸಿದ ಗೋಲನ್ನು ಮರೆತು ಈ ಒಂದು ಚೆಂಡನ್ನು ಮಾತ್ರ ನೆನಪಿಟ್ಟುಕೊಳ್ಳುವುದು ಜನರಿಗೆ ಸುಲಭ. ಆಟಗಾರನಿಗೆ ಅದಕ್ಕಿಂತ ಕ್ರೂರವಾದ ಲೆಕ್ಕ ಬೇರೊಂದಿಲ್ಲ.

ಹಾಕಿಯೆಂಬ ಹೆಸರಿನದೇ ಇನ್ನೊಂದು ಆಟದಲ್ಲಿ, ಹೆಪ್ಪುಗಟ್ಟಿದ ನೀರಿನ ಮೇಲೆ ಉಕ್ಕಿನ ಅಲಗು ಕಟ್ಟಿಕೊಂಡು ಆಡುವ ರಷ್ಯದವರ ಮೆಚ್ಚಿನ ಆಟದಲ್ಲಿ, ಇಂಥದೇ ಪ್ರಸಂಗವೊಂದುಂಟು. ಗೋಲುರಕ್ಷಕ ವ್ಲಾದಿಸ್ಲಾವ್ ತ್ರೆತ್ಯಾಕನು 1972ರಲ್ಲಿಯೂ 1976ರಲ್ಲಿಯೂ ಒಲಿಂಪಿಕ್ಸ್ ಚಿನ್ನ ಪಡೆದವನು. 1980ರಲ್ಲಿ ಅಮೆರಿಕದೆದುರು ಮೊದಲ ಅವಧಿಯ ಕೊನೆಯ ಕ್ಷಣದಲ್ಲಿ ಒಂದು ಗೋಲು ಒಳಹೊಕ್ಕಿತು. ತರಬೇತುದಾರನು ಆತನನ್ನು ಹೊರಗೆ ಕೂಡಿಸಿದನು. ರಷ್ಯದವರು 4–3ರಿಂದ ಸೋತರು. ಆದರೂ 1984ರಲ್ಲಿ ಸರಾಯೆವೊದಲ್ಲಿ ಗೋಲಿನ ಮುಂದೆ ನಿಂತು ಮತ್ತೆ ಚಿನ್ನ ಗೆದ್ದವನು ಅದೇ ತ್ರೆತ್ಯಾಕ್.

ಗೋವಿಂದನನ್ನೂ ಹೊರಗೆ ಕೂಡಿಸಬಹುದಾಗಿತ್ತು. ಕೂಡಿಸಲಿಲ್ಲ. 1975ರ ವಿಶ್ವಕಪ್ಪಿಗೆ ಮುನ್ನ ಚಂಡೀಗಢದಲ್ಲಿ ಬಲಬೀರ್ ಸಿಂಗರ ಮೇಲ್ವಿಚಾರಣೆಯಲ್ಲಿ ನಡೆದ ದೀರ್ಘ ಶಿಬಿರದಿಂದ ಹೊರಟ ತಂಡದಲ್ಲಿ ಆತನ ಹೆಸರಿತ್ತು. ಕೌಲಾಲಂಪುರದ ಉಪಾಂತ್ಯದಲ್ಲಿ ಮಲೇಷಿಯದೆದುರು ಸೋಲಿನಂಚಿಗೆ ಹೋಗಿ ಬದುಕಿದ ಭಾರತವು ಮಾರ್ಚಿ 15ರಂದು ಪಾಕಿಸ್ತಾನವನ್ನು ಎದುರಿಸಿತು. ಮೊದಲ ಗೋಲು ಪಾಕಿಸ್ತಾನದ್ದು. ಸುರ್ಜಿತನು ಸಮ ಮಾಡಿದನು. ಧ್ಯಾನಚಂದರ ಮಗ ಅಶೋಕ್ ಕುಮಾರನು ಎರಡನೆಯದನ್ನು ಹೊಡೆದನು. ಅದು ಗೋಲೇ ಅಲ್ಲವೆಂದು ಪಾಕಿಸ್ತಾನದವರು ವಾದಿಸಿದರು, ತೀರ್ಪು ಬದಲಾಗಲಿಲ್ಲ. ಗೋವಿಂದನ ಹೆಸರು ಗೋಲಿನ ಪಟ್ಟಿಯಲ್ಲಿಲ್ಲ, ಗೆದ್ದವರ ಪಟ್ಟಿಯಲ್ಲಿದೆ. 1975ರ ಅರ್ಜುನ ಪ್ರಶಸ್ತಿ ಆತನಿಗೆ ಸಂದಿತು.

ಮುಂದಿನ ಮಾಂಟ್ರಿಯಾಲ್ ಒಲಿಂಪಿಕ್ಸಿನಲ್ಲಿ ಹುಲ್ಲಿನ ಬದಲು ಕೃತಕ ಹಾಸು ಬಂದಿತು. ಚೆಂಡು ನೇರವಾಗಿ, ಬಿರುಸಾಗಿ ಓಡತೊಡಗಿತು. ಹುಲ್ಲಿನ ಮೇಲೆ ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ನುಸುಳುತ್ತಿದ್ದ ಭಾರತದ ಜಾಣ್ಮೆ ಅಲ್ಲಿ ನಡೆಯಲಿಲ್ಲ. ತಂಡವು ಏಳನೆಯ ಸ್ಥಾನಕ್ಕಿಳಿಯಿತು. ಆ ತಂಡದಲ್ಲಿಯೂ ಗೋವಿಂದನಿದ್ದನು. 1975ರ ಬಳಿಕ 2023ರ ಒಡಿಶಾದ ಪಂದ್ಯಗಳವರೆಗೆ ಭಾರತವು ವಿಶ್ವಕಪ್ಪನ್ನು ಮತ್ತೆ ಗೆಲ್ಲಲಿಲ್ಲ.

ವರ್ಷಗಳ ಮೇಲೆ ಗೋವಿಂದರು ರಾಷ್ಟ್ರೀಯ ತಂಡದ ಆಯ್ಕೆಗಾರರಾದರು. ಒಂದು ಪಂದ್ಯದಲ್ಲಿ ಎಡವಿದ ಹುಡುಗನ ಹೆಸರನ್ನು ಉಳಿಸುವುದೋ ಅಳಿಸುವುದೋ ಎಂಬ ಪ್ರಶ್ನೆ ಈಗ ಅವರ ಮೇಜಿನ ಮೇಲೆ ಬಂದು ಕುಳಿತಿತು.