ನಮ್ಮ ಸೀಮೆಯ ಗುರುತು

ಜಪಾನ ದೇಶಕ್ಕೆ ಹೋಗಿ ಬಂದವರು ಕಿಮೊನೊ ತೊಟ್ಟ ಬೊಂಬೆಯನ್ನೋ, ಗೇಷಾ ನರ್ತಕಿಯ ಚಿತ್ರವುಳ್ಳ ಬೀಸಣಿಗೆಯನ್ನೋ ನೆನಪಿಗಾಗಿ ತಂದು ಕೊಡುವದುಂಟು. ಅಂಥದೊಂದು ಬೊಂಬೆ ನಮ್ಮ ಶಾಲೆಯ ಕಪಾಟಿನಲ್ಲಿಯೂ ಇದೆ. ಅದನ್ನು ಕಂಡ ವಿದ್ಯಾರ್ಥಿನಿಯೊಬ್ಬಳು, "ಅಕ್ಕೋರೆ, ನಮ್ಮ ಸೀಮೆಗೆ ಬಂದವರು ಏನು ಒಯ್ಯಬೇಕ್ರೀ?" ಎಂದು ಕೇಳಿದಳು. ಪ್ರಶ್ನೆಯು ಚಿಕ್ಕದಲ್ಲ.

1858ರಲ್ಲಿ ಬಾಬಾಸಾಹೇಬರು ಆಂಗ್ಲರ ವಿರುದ್ಧ ಎದ್ದ ನರಗುಂದದ ಗುಡ್ಡವನ್ನು ಯಾರೂ ಚೀಲದಲ್ಲಿಟ್ಟು ಒಯ್ಯಲಾರರು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಕಂಠವನ್ನು ಲೋಕವೇ ಒಯ್ದಿದೆ. ಕಿನ್ನಾಳದ ಬಣ್ಣದ ಬೊಂಬೆಗಳು ಇಲ್ಲಿಗೆ ದೂರವಲ್ಲ. ಆದರೆ ಆ ಕೀರ್ತಿಯು ಕೊಪ್ಪಳದ ಕಡೆಯವರದು, ನಾವು ಕಸಿದುಕೊಳ್ಳಲಾಗದು. ಹೀಗಾಗಿ ಕೈಯೆತ್ತಿ ಕೊಡಬಹುದಾದದ್ದು ಗಜೇಂದ್ರಗಡದ ನೇಯ್ಗೆ.

ಅಲ್ಲಿಯ ಪಟ್ಟೇದ ಅಂಚಿನ ಸೀರೆಯು ಶೃಂಗಾರಕ್ಕಾಗಿ ಹುಟ್ಟಿದ್ದಲ್ಲ. ದಪ್ಪ ಹತ್ತಿಯ ನೂಲು, ಒಡಲು ತುಂಬ ಚೌಕಳಿ, ಎದ್ದು ಕಾಣುವ ಬಣ್ಣದ ಅಗಲವಾದ ಅಂಚು. ಒಳಮೈ ಹೊರಮೈಯೆಂಬ ಭೇದವಿಲ್ಲದ ಕಾರಣ ಎರಡೂ ಮಗ್ಗುಲಿನಿಂದ ಉಡಬಹುದು. ಹೊಲಕ್ಕೆ ಹೋಗುವ ಹೆಂಗಸರು ಉಟ್ಟು, ಹಳತಾದ ಮೇಲೆ ಕೌದಿಗೆ ಸೇರಿಸುತ್ತಿದ್ದ ವಸ್ತ್ರವಿದು. ಸವದತ್ತಿಯ ಯಲ್ಲಮ್ಮನಿಗೂ ಮದುಮಗಳಿಗೂ ಇದನ್ನು ಕೊಡುವ ವಾಡಿಕೆಯಿತ್ತು. ಅಗ್ಗದ ಮಿಲ್ಲಿನ ಸೀರೆಗಳು ಬಂದ ಮೇಲೆ ಅಳಿದೇ ಹೋಗುವಂತಿದ್ದ ಈ ನೇಯ್ಗೆಯು ಇತ್ತೀಚೆಗೆ ಪಟ್ಟಣದ ಗಿರಾಕಿಗಳಿಂದ ಮರಳಿ ಉಸಿರಾಡುತ್ತಿದೆ. ಉಟ್ಟವರು ಬಿಟ್ಟದ್ದನ್ನು ಎಂದೂ ಉಡದವರು ಕೊಳ್ಳುವರು! ನಗು ಬರುವದು ಸಹಜ. ಆದರೆ ಮಗ್ಗಕ್ಕೆ ಕೂಲಿ ಹುಟ್ಟುವದಾದರೆ ನಾವು ನಗಲಾರೆವು.

ಕಸೂತಿಯ ವಿಷಯದಲ್ಲಿ ನಾವು ಇಷ್ಟು ಸುಲಭವಾಗಿ ಒಪ್ಪುವವರಲ್ಲ. ಇಳಕಲ್ಲ ಸೀರೆಯ ಮೇಲೆ ಗೋಪುರ, ತೇರುಗಳನ್ನು ಎಳೆ ಎಣಿಸಿಯೇ ತೆಗೆಯಬೇಕು. ಮೊದಲು ನಕ್ಷೆ ಬರೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಗಳಿಗೆ ಎರಡೂ ಕಡೆ ಒಂದೇ ರೂಪ. ಅಂಗಡಿಯಲ್ಲಿ ನೆನಪಿನ ವಸ್ತುವೆಂದು ಮಾರುವ ಯಂತ್ರಕಸೂತಿಯ ಚೀಲವನ್ನು ತಿರುವಿ ನೋಡಿರಿ. ಹಿಂಬದಿಯ ಗೋಜಲೇ ನಿಜವನ್ನು ಹೇಳುವದು. ನಮ್ಮ ಹುಡುಗಿಯರ ಹೊಲಿಗೆಯನ್ನು ನಾವು ಹಿಂಬದಿಯಿಂದಲೇ ಪರೀಕ್ಷಿಸುವೆವು. ಅವರಿಗೆ ಇದರಿಂದ ಬಹಳ ಸಿಟ್ಟು.

ಕಲಾವಿದರನ್ನೂ ಹೀಗೆ ವಸ್ತುವಾಗಿಸುವದು ಮನಸ್ಸಿಗೆ ಬಾರದು. ಓಣಿಯಲ್ಲಿ ಹಾಡಹಗಲೇ ಹನುಮಂತನಾಗಿ ಬಂದು ಕಾಳು ಪಡೆದು ಹೋಗುತ್ತಿದ್ದ ಹಗಲುವೇಷದವನು ಈಗ ಉತ್ಸವದ ಮೆರವಣಿಗೆಯಲ್ಲಿ ಭಾವಚಿತ್ರಕ್ಕೆ ನಿಲ್ಲುತ್ತಾನೆ. ಅವನ ಮಾತನ್ನು ಕೇಳುವವರಿಲ್ಲ. ಬೀಸಣಿಗೆಯ ಗೇಷೆಯೂ ಅಷ್ಟೆ. ಆಕೆ ವರ್ಷಗಟ್ಟಲೆ ಕಲಿತ ಹಾಡಾಗಲಿ, ಶಾಮಿಸೆನ್ ವಾದ್ಯವಾಗಲಿ ಆ ಕಾಗದದಲ್ಲಿಲ್ಲ.

ನೇಕಾರರ ಮಕ್ಕಳೂ ನಮ್ಮಲ್ಲಿ ಓದುತ್ತಾರೆ. ಅವರ ಮನೆಗೆ ಹೋದಾಗ ಕಂಡಿಕೆ ಸುತ್ತುವ ತಾಯಿಯು, "ಈಕೀನ್ನ ಮಗ್ಗಕ್ಕ ಕೂಡಸಬ್ಯಾಡ್ರಿ ಅಕ್ಕೋರೆ, ನಿಮ್ಮಂಗ ಸಾಲಿ ಕಲಸೂಹಂಗ ಮಾಡ್ರಿ" ಎನ್ನುವಳು. ನಾವು ಹೂಂ ಎನ್ನುವೆವು. ನಮ್ಮ ಉದ್ಯೋಗವೇ ಅದು. ಆ ಮಗಳು ಓದಿ ಮುಂದೆ ಹೋದರೆ ಒಂದು ಮಗ್ಗ ನಿಲ್ಲುವದು. ಎರಡೂ ಉಳಿಯಲೆಂಬ ಆಶೆಯನ್ನು ಆ ತಾಯಿಯ ಮುಂದೆ ಆಡಲು ನಮಗೆ ಬಾಯಿ ಬರಲಿಲ್ಲ.

ಈ ಸಲ ಶಾಲೆ ಬಿಡುವ ಹುಡುಗಿಯರಿಗೆ ಮೆರುಗಿನ ಫಲಕಗಳ ಬದಲು ಚೌಕಳಿಯ ಕೈಮಗ್ಗದ ವಸ್ತ್ರವನ್ನು ಕೊಟ್ಟೆವು. ಒಂದೊಂದಕ್ಕೂ ನೇಯ್ದವರ ಹೆಸರಿನ ಚೀಟಿಯನ್ನು ಹಚ್ಚಿಸಿದೆವು. ಕೇಳಿದ ಬೆಲೆಯಲ್ಲಿ ಚೌಕಾಸಿ ಮಾಡಲಿಲ್ಲ. ಲೆಕ್ಕ ಬರೆಯುವವರು ಸ್ವಲ್ಪ ಗೊಣಗಿದರು.