ರೈಲು ಬಿಟ್ಟುಹೋದ ದಾರಿಯಲ್ಲಿ ಸೈಕಲ್ ಸವಾರಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದ ಯಾವ ತಾಯಿಯನ್ನಾದರೂ ಕೇಳಿ ನೋಡಿ. ಮೊಮ್ಮಗುವಿನ ಫೋಟೋ ತೋರಿಸುತ್ತಾರೆ, ಅಲ್ಲಿನ ಅಂಗಡಿಗಳ ವೈಭವ ವರ್ಣಿಸುತ್ತಾರೆ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಎಲ್ಲಾ ಚೆನ್ನಾಗಿತ್ತು ಕಣ್ರೀ, ಆದ್ರೆ ಒಬ್ಬಳೇ ಮನೆ ಬಿಟ್ಟು ಆಚೆ ಹೋಗೋ ಹಾಗಿರಲಿಲ್ಲ" ಅನ್ನುತ್ತಾರೆ. ನಿಜವಾದ ಮಾತು. ನಮ್ಮೂರಲ್ಲಾದರೆ ಚಪ್ಪಲಿ ಮೆಟ್ಟಿಕೊಂಡರೆ ಸಾಕು. ದೇವಸ್ಥಾನ, ಸಂತೆ, ಗೆಳತಿಯ ಮನೆ ಎಲ್ಲವೂ ಹತ್ತಿರವೇ. ಅಲ್ಲಿ ಕಾರು ಓಡಿಸಲು ಬಾರದವರಿಗೆ ಕಾಲೇ ಇಲ್ಲದಂತೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕೆಂದರೂ ಅಳಿಯಂದಿರು ಆಫೀಸಿನಿಂದ ಬರುವ ತನಕ ಕಾಯಬೇಕು.

ಅಂಥ ದೇಶದಲ್ಲೇ ಕಾರಿಗೆ ಪ್ರವೇಶವಿಲ್ಲದ ಒಂದು ಉದ್ದನೆಯ ದಾರಿಯಿದೆ ಎಂದರೆ ನಂಬುತ್ತೀರಾ? ಅದರ ಹೆಸರು ಗ್ರೇಟ್ ಅಲೆಗೆನಿ ಪ್ಯಾಸೇಜ್. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ನಗರದಿಂದ ಮೇರಿಲ್ಯಾಂಡಿನ ಕಂಬರ್ಲೆಂಡ್ ಊರಿನವರೆಗೆ, ಬೆಟ್ಟ, ಕಾಡು, ಹೊಳೆಗಳ ಪಕ್ಕದಲ್ಲೇ ಸುಮಾರು 240 ಕಿಲೋಮೀಟರ್ ಸಾಗುತ್ತದೆ. ಸೈಕಲ್ ತುಳಿಯುವವರಿಗೆ, ನಡೆಯುವವರಿಗೆ ಮೀಸಲಾದ ದಾರಿ. ಪಿಟ್ಸ್‌ಬರ್ಗ್ ಎಂದರೆ 1970ರ ದಶಕದಲ್ಲಿ ಕಟ್ಟಿದ ವೆಂಕಟೇಶ್ವರ ದೇವಸ್ಥಾನದಿಂದ ನಮ್ಮವರಿಗೆಲ್ಲ ಪರಿಚಿತವಾದ ಊರೇ. ದೇವರ ದರ್ಶನಕ್ಕೆ ಹೋದವರು ಈ ದಾರಿಯನ್ನೂ ನೋಡಿ ಬರಬಹುದು.

ಈ ದಾರಿ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಇದು ಮೊದಲು ರೈಲಿನ ದಾರಿ. ಕಲ್ಲಿದ್ದಲು, ಉಕ್ಕು ಸಾಗಿಸುತ್ತಿದ್ದ ರೈಲುಗಳು ಒಂದೊಂದಾಗಿ ನಿಂತವು. ಬೆಟ್ಟದ ಭಾಗದಲ್ಲಿದ್ದ ವೆಸ್ಟರ್ನ್ ಮೇರಿಲ್ಯಾಂಡ್ ರೈಲು ಮಾರ್ಗ 1975ರಲ್ಲಿ ಮುಚ್ಚಿತು. ಕಂಬಿ ಕಿತ್ತ ಮೇಲೆ ಉಳಿದದ್ದು ಬರೀ ನೆಲ, ಸೇತುವೆ, ಸುರಂಗ. ಇಂಥ ನೆಲ ಚೂರುಚೂರಾಗಿ ಕೈಬಿಟ್ಟು ಹೋಗಬಾರದೆಂದು 1983ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಮುಂದೊಂದು ದಿನ ರೈಲು ಬೇಕಾದರೆ ಬರಲಿ, ಅಲ್ಲಿಯವರೆಗೆ ಜನ ಓಡಾಡಲಿ ಎಂಬುದು ಅದರ ಸಾರ. ಮಗನ ಕಾಲಕ್ಕೆ ಮನೆ ಕಟ್ಟಿಸೋಣ, ಅಲ್ಲಿಯ ತನಕ ಸೊಪ್ಪು ಬೆಳೆಯೋಣ ಎಂದು ನಾವು ಹಿತ್ತಿಲನ್ನು ಉಳಿಸಿಕೊಳ್ಳುವುದಿಲ್ಲವೇ, ಹಾಗೆ. ಈ ದಾರಿಯ ಮೊದಲ ತುಣುಕು 1986ರಲ್ಲಿ ತೆರೆಯಿತು. ಕಡೆಯ ತುಣುಕು ಕೂಡಿಕೊಂಡದ್ದು 2013ರಲ್ಲಿ. ಇಪ್ಪತ್ತೇಳು ವರ್ಷದ ತಾಳ್ಮೆ ನೋಡಿ!

"ಬೆಟ್ಟ ಅಂತೀರಿ, ಮಂಡಿನೋವಿನವರು ಸೈಕಲ್ ತುಳಿಯೋದು ಹೇಗೆ?" ಎಂದು ಕೇಳುತ್ತೀರಿ ಅಲ್ಲವೇ? ಇಲ್ಲಿಯೇ ರೈಲಿನ ಉಪಕಾರ ಇರುವುದು. ರೈಲಿಗೆ ಕಡಿದಾದ ಏರು ಹತ್ತಲು ಬರುವುದಿಲ್ಲ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲೇ ನೋಡಿ, ಐವತ್ತು ಅಡಿ ಮುಂದೆ ಹೋದರೆ ಒಂದಡಿ ಏರು. ಅದಕ್ಕೇ ಅಷ್ಟೊಂದು ಸೇತುವೆ, 57 ಸುರಂಗ. ಅಲೆಗೆನಿ ಬೆಟ್ಟದಲ್ಲಿ ಏರು ಅದಕ್ಕಿಂತಲೂ ಕಡಿಮೆ. ಪಿಟ್ಸ್‌ಬರ್ಗ್ ಕಡೆಯಿಂದ ಹೊರಟರೆ ಏರುತ್ತಿದ್ದೇವೆ ಎಂದೇ ತಿಳಿಯದ ಹಾಗೆ 200 ಕಿಲೋಮೀಟರ್ ಏರಿ, ಆಮೇಲೆ 38 ಕಿಲೋಮೀಟರ್ ಇಳಿಯುತ್ತದೆ. ನೆಲವೂ ಟಾರಲ್ಲ. ಸುಣ್ಣಕಲ್ಲನ್ನು ಪುಡಿಮಾಡಿ ಹಾಸಿದ ಸಣ್ಣ ಜಲ್ಲಿ. ಗಟ್ಟಿಯಾಗಿ ಕೂತಿದೆ. ಚಕ್ರ ಉರುಳಿದರೆ ದಪ್ಪ ರವೆ ಹುರಿಯುವಾಗಿನ ಹಾಗೆ ಸರಸರ ಸದ್ದು.

ನಾನು ಹೋದದ್ದು ಅಕ್ಟೋಬರಿನಲ್ಲಿ, ಮಗುವಿಗೆ ಐದು ತಿಂಗಳು ತುಂಬಿದ ಮೇಲೆ. ನನಗೆ ಐವತ್ತೊಂಬತ್ತು. ಹೈಸ್ಕೂಲಿನಲ್ಲಿದ್ದಾಗ ಬಾಡಿಗೆ ಸೈಕಲ್ಲಿನಲ್ಲಿ ಕಲಿತದ್ದು, ಮದುವೆಯಾದ ಮೇಲೆ ಬಿಟ್ಟದ್ದು. ಯಾರೂ ಬೇಡ ಅನ್ನಲಿಲ್ಲ. ಬೇಕಾ ಅಂತಲೂ ಕೇಳಲಿಲ್ಲ. ನಮ್ಮಲ್ಲಿ ಎಷ್ಟು ಜನರ ಕಥೆ ಇದೇ ಅಲ್ಲವೇ?

"ಅಮ್ಮಾ, ನಿಂಗೆ ಸೈಕಲ್ ಬರತ್ತಾ?" ಎಂದಳು ಮಗಳು.

"ಬರ್ತಿತ್ತು ಕಣೇ" ಎಂದೆ.

"ಒಂದ್ಸಲ ಬಂದಿದ್ದು ಮರೆಯಲ್ವಂತೆ. ನೋಡೋಣ."

ಪಿಟ್ಸ್‌ಬರ್ಗಿನಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ, ಒಹಾಯೊಪೈಲ್ ಎಂಬ ಪುಟ್ಟ ಊರು. ಊರಿನ ಮಗ್ಗುಲಲ್ಲೇ ಜಲಪಾತ, ಸುತ್ತ ಸರ್ಕಾರಿ ಕಾಡು. ಅಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ಮುಂದಿನ ಊರು ಕಾನ್‌ಫ್ಲುಯೆನ್ಸ್, ಸುಮಾರು 17 ಕಿಲೋಮೀಟರ್. ಮಗುವನ್ನು ಕೂರಿಸಿಕೊಂಡು ಮಗಳು ಅಳಿಯ ಕಾರಿನಲ್ಲಿ ಅಲ್ಲಿಗೆ ಹೋಗಿ ಕಾಯುವುದೆಂದೂ, ನಾನು ಸೈಕಲ್ಲಿನಲ್ಲಿ ಬರುವುದೆಂದೂ ತೀರ್ಮಾನವಾಯಿತು. ಅಳಿಯಂದಿರು ಬ್ರೇಕು ನೋಡಿಕೊಟ್ಟರು. ಮಗಳು ಫೋನು ಕೊಟ್ಟು, "ಕಾಡೊಳಗೆ ಸಿಗ್ನಲ್ ಸಿಗಲ್ಲಮ್ಮ" ಎಂದು ಅವಳೇ ಮುಖ ಸಣ್ಣ ಮಾಡಿಕೊಂಡಳು. ನನಗೂ ಎದೆ ಡವಗುಟ್ಟಿತು, ಸುಳ್ಳೇಕೆ ಹೇಳಲಿ. ಆ ಕಾಡಿನಲ್ಲಿ ಕರಡಿಯೂ ಇದೆಯಂತೆ.

ಮೊದಲ ಹತ್ತು ನಿಮಿಷ ಹ್ಯಾಂಡಲ್ ಅಲುಗಾಡಿತು. ಆಮೇಲೆ ಕಾಲಿಗೆ ಹಳೆಯ ಲಯ ತಾನಾಗಿಯೇ ನೆನಪಾಯಿತು. ಹಿಂದಿನಿಂದ ಲಾರಿಯ ಹಾರ್ನ್ ಇಲ್ಲ, ಮೈಮೇಲೆ ಬರುವ ಬಸ್ಸಿಲ್ಲ, "ಏನಜ್ಜಿ, ಸೈಕಲ್ಲಾ!" ಎಂದು ನಗುವ ಹುಡುಗರಿಲ್ಲ. ಆಗ ಗೊತ್ತಾಯಿತು ನೋಡಿ, ಇಷ್ಟು ವರ್ಷ ನಾನು ಹೆದರಿದ್ದು ಸೈಕಲ್ಲಿಗಲ್ಲ, ರಸ್ತೆಗೆ. ಎರಡೂ ಕಡೆ ಓಕ್, ಮೇಪಲ್ ಮರಗಳು. ಎಲೆಗಳಿಗೆಲ್ಲ ಅರಿಸಿನ, ಕುಂಕುಮ, ಕಾವಿಯ ಬಣ್ಣ. ಕೆಳಗೆ ಹೊಳೆ. ಅದರ ಹೆಸರು ಯಾಕಗೇನಿ. ಅಲ್ಲಿಯವರು ಪ್ರೀತಿಯಿಂದ ಚಿಕ್ಕದು ಮಾಡಿ "ಯಾಕ್" ಎನ್ನುತ್ತಾರೆ. ನೀರು ದಾರಿಯುದ್ದಕ್ಕೂ "ಯಾಕ್, ಯಾಕ್" ಎಂದು ಕೇಳಿದಂತಾಗಿ ಒಬ್ಬಳೇ ನಕ್ಕೆ.

ಎದುರಿಗೆ ಬಂದವರೆಲ್ಲ ಕೈಯೆತ್ತಿ ನಮಸ್ಕಾರ ಹೇಳುತ್ತಾರೆ. ಹಿಂದಿನಿಂದ ಬರುವವರು ಬೆಲ್ಲು ಬಾರಿಸಿ, ಎಡಗಡೆಯಿಂದ ಬರ್ತಿದ್ದೇವೆ ಎಂದು ಕೂಗಿ ದಾಟುತ್ತಾರೆ. ಅಲ್ಲಿ ಬಲಗಡೆ ಚಲಿಸುವ ಪದ್ಧತಿ. ನನಗಿಂತ ಹತ್ತು ವರ್ಷವಾದರೂ ದೊಡ್ಡವರಾದ ಇಬ್ಬರು ಹೆಂಗಸರು ಕ್ಯಾರಿಯರಿಗೆ ಚೀಲ ಕಟ್ಟಿಕೊಂಡು ಸರಾಗವಾಗಿ ಹೋದರು. ನಾನು ಎರಡು ಕಡೆ ಇಳಿದು ಕೂತು, ಕೋಡುಬಳೆ ತಿಂದು, ನೀರು ಕುಡಿದು, ಎರಡೂವರೆ ಗಂಟೆಯಲ್ಲಿ ಕಾನ್‌ಫ್ಲುಯೆನ್ಸ್ ಮುಟ್ಟಿದೆ. ಮಗಳು ದೂರದಿಂದಲೇ ಮಗುವನ್ನು ಎತ್ತಿ ತೋರಿಸುತ್ತಿದ್ದಳು. ಐದು ತಿಂಗಳಲ್ಲಿ ನಾನೊಬ್ಬಳೇ ಹೋಗಿ ಸೇರಿದ ಮೊದಲ ಊರು ಅದು.

ಕಾನ್‌ಫ್ಲುಯೆನ್ಸ್ ಎಂದರೆ ಸಂಗಮ. ಯಾಕಗೇನಿಗೆ ಅಲ್ಲಿ ಇನ್ನೆರಡು ಹೊಳೆ ಸೇರುತ್ತವೆ. ನಮ್ಮ ಕೂಡಲಿ ಇದ್ದ ಹಾಗೆ. ಗಣಿ, ಕಾರ್ಖಾನೆ, ರೈಲು ಹೋದ ಮೇಲೆ ಸೊರಗಿದ್ದ ಈ ದಾರಿಯ ಎಷ್ಟೋ ಊರುಗಳಿಗೆ ಈಗ ಸೈಕಲ್ಲಿನವರೇ ಅತಿಥಿಗಳು. ಮನೆಯ ಎರಡು ಕೋಣೆ ಬಿಟ್ಟುಕೊಟ್ಟು ಬೆಳಗಿನ ತಿಂಡಿ ಕೊಡುವ ಗೃಹಿಣಿಯರಿದ್ದಾರೆ. ಉಣಬಡಿಸುವುದು ಆ ಕಡೆಯವರಿಗೆ ಹೊಸದಲ್ಲ. ಇದೇ ದಾರಿಯ ಕಾನೆಲ್ಸ್‌ವಿಲ್ ಊರಿನ ರೈಲ್ವೆ ನಿಲ್ದಾಣದಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಿಂದ ಅಲ್ಲಿನ ಹೆಂಗಸರು ಸರದಿಯ ಮೇಲೆ ನಿಂತು, ರೈಲಿನಲ್ಲಿ ಹೋಗುವ ಲಕ್ಷಗಟ್ಟಲೆ ಸೈನಿಕರಿಗೆ ದುಡ್ಡಿಲ್ಲದೆ ತಿಂಡಿ ಕಾಫಿ ಕೊಟ್ಟರು.

ಮರುದಿನ ಅಳಿಯಂದಿರು ಮಗುವನ್ನು ನೋಡಿಕೊಂಡರು, ನಾನೂ ಮಗಳೂ ಹೊರಟೆವು. ಕಾರಿನಲ್ಲಿ ಬೆಟ್ಟದ ನೆತ್ತಿಯವರೆಗೆ ಹೋಗಿ, ಅಲ್ಲಿಂದ ಫ್ರಾಸ್ಟ್‌ಬರ್ಗಿನವರೆಗೆ 13 ಕಿಲೋಮೀಟರ್ ಬರೀ ಇಳಿಜಾರು. ನೆತ್ತಿಯ ಎತ್ತರ 2,392 ಅಡಿ. ನಮ್ಮ ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಹೇಗೆ ಎರಡು ಸಮುದ್ರಕ್ಕೆ ಹಂಚಿಹೋಗುತ್ತದೋ ಹಾಗೆಯೇ ಅಲ್ಲಿ ಪಶ್ಚಿಮದ ಹನಿ ಮೆಕ್ಸಿಕೊ ಕೊಲ್ಲಿಗೆ, ಪೂರ್ವದ ಹನಿ ಅಟ್ಲಾಂಟಿಕ್ ಸಾಗರಕ್ಕೆ. ಸ್ವಲ್ಪ ಮುಂದೆ ಬಿಗ್ ಸ್ಯಾವೇಜ್ ಸುರಂಗ, ಉದ್ದ ಒಂದು ಕಿಲೋಮೀಟರು. ಒಳಗೆ ದೀಪ ಹಾಕಿದ್ದಾರೆ. ತಣ್ಣಗೆ, ಬಾವಿಯೊಳಗೆ ಇಳಿದ ಹಾಗೆ. ಆಚೆ ಬಂದರೆ ಕಣ್ಣು ಹಾಯುವಷ್ಟೂ ಬೆಟ್ಟದ ಸಾಲು. ಇನ್ನೂ ಕೆಳಗೆ ಮೇಸನ್-ಡಿಕ್ಸನ್ ಗಡಿಯ ಗುರುತು. 1763ರಿಂದ 1767ರವರೆಗೆ ಅಳೆದ ಈ ಗೆರೆ ಮುಂದೆ ಗುಲಾಮಗಿರಿ ಇದ್ದ ರಾಜ್ಯಗಳಿಗೂ ಇಲ್ಲದ ರಾಜ್ಯಗಳಿಗೂ ನಡುವಿನ ಗಡಿಯೆನಿಸಿತು. ಅದರ ಮೇಲೆ ನಾವು ತಾಯಿ ಮಗಳು ಪೆಡಲ್ ತುಳಿಯದೆಯೇ ಜಾರಿಹೋದೆವು.

2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ತೊಡಗಿದಾಗ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋದದ್ದನ್ನು ನೀವೂ ನೋಡಿದ್ದೀರಿ. ಸೈಕಲ್ ಬಂದರೆ ಅರ್ಧ ಕೆಲಸ ಆದಂತೆ. ಹೆದರದೆ ತುಳಿಯುವ ದಾರಿ ಇನ್ನರ್ಧ.

ಹೋಗುವವರಿಗೆ ನಾಲ್ಕು ಮಾತು. ಮೇ ತಿಂಗಳಿನಿಂದ ಅಕ್ಟೋಬರ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ದೊಡ್ಡ ಸುರಂಗ ಮುಚ್ಚಿರುತ್ತದೆ. ಸೀರೆ ಬೇಡ, ಚೂಡಿದಾರದ ಕಾಲು ಚೈನಿಗೆ ಸಿಕ್ಕದಂತೆ ಕಟ್ಟಿಕೊಳ್ಳಿ. ಅಗಲ ಟೈರಿನ ಸೈಕಲ್ಲನ್ನೇ ಕೇಳಿ, ಸೀಟು ಕಾಲು ನೆಲಕ್ಕೆ ಎಟಕುವಷ್ಟು ತಗ್ಗಿಸಿಕೊಳ್ಳಿ, ಹೆಲ್ಮೆಟ್ ಮರೆಯಬೇಡಿ. ಊರುಗಳ ಹತ್ತಿರ ಕಾರಿನ ರಸ್ತೆ ದಾಟಬೇಕಾಗುತ್ತದೆ; ಅಲ್ಲಿ ಇಳಿದೇ ದಾಟಿ. ಶೌಚಾಲಯ ಮುಖ್ಯ ತಂಗುದಾಣಗಳಲ್ಲಿ ಮಾತ್ರ, ಹೊರಡುವ ಮುಂಚೆಯೇ ನೋಡಿಕೊಳ್ಳಿ. ಕಾಡಿನೊಳಗೆ ಅಂಗಡಿಯಿಲ್ಲ, ಆದ್ದರಿಂದ ನೀರು, ಚಪಾತಿ, ಚಟ್ನಿಪುಡಿ ಜೊತೆಗಿರಲಿ. ಮಧ್ಯೆ ಸುಸ್ತಾದರೆ ಇಳಿದು ನಡೆಯಿರಿ, ಯಾರೂ ನಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಬಾಣಂತನ ಮುಗಿಸಿ ಊರಿಗೆ ಹೊರಡುವ ಮುನ್ನ ಎರಡು ದಿನ ನನಗಾಗಿ ಬೇಕು ಎಂದು ಬಾಯಿಬಿಟ್ಟು ಕೇಳಿ. ಮಕ್ಕಳು ಖಂಡಿತ ಕೊಡುತ್ತಾರೆ. ಕೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?